ಬೆರಕೆ ಮರಿ ಹುಟ್ಟಿದ್ರೂ ಎರಡು ಹಲ್ಲಿ ಪ್ರಭೇದ ಒಂದಾಗಿಬಿಡಲ್ಲ ಯಾಕೆ?

ಪ್ರಶ್ನೆ: ಹತ್ತಿರದ ಸಂಬಂಧದ ಎರಡು ಹಲ್ಲಿ ಪ್ರಭೇದಗಳು ಒಂದೇ ಕಡೆ ಇದ್ರೆ ಒಂದಕ್ಕೊಂದು ಕೂಡ್ತವೆ, ಬೆರಕೆ ಮರಿಗಳೂ ಆಗ್ತವೆ ಅಂತ ಓದಿದೆ. ಹಾಗಿದ್ರೆ ಸಾವಿರಾರು ವರ್ಷದಲ್ಲಿ ಎರಡೂ ಕಲಸಿಹೋಗಿ ಒಂದೇ ಆಗ್ಬೇಕಿತ್ತಲ್ವಾ? ತಡೀತಿರೋದು ಏನು? ಕೂಡಿ ಮರಿ ಮಾಡೋವು ಒಂದೇ ಪ್ರಭೇದ ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದ್ದು ತಪ್ಪಾ? ಮುಂದೆ ಯಾವತ್ತಾದ್ರೂ ಇವು ಒಂದಾಗಬಹುದಾ?

ಉತ್ತರ: ಸ್ಕೂಲಿನ ವಿಷಯ ಮೊದಲು ಮುಗಿಸಿಬಿಡ್ತೀನಿ, ಯಾಕಂದ್ರೆ ಅರ್ಧ ಗೊಂದಲ ಹುಟ್ಟಿರೋದೇ ಅಲ್ಲಿಂದ. ಆ ವ್ಯಾಖ್ಯಾನ ಪ್ರಸಿದ್ಧ ಆಗಿದ್ದು 1942ರಲ್ಲಿ ಅರ್ನ್ಸ್ಟ್ ಮೇಯರ್ ಬರೆದಿದ್ದರಿಂದ. ತಮ್ಮತಮ್ಮಲ್ಲೇ ಸಂತಾನ ಮಾಡ್ಕೊಂಡು ಬೇರೆ ಗುಂಪಿನ ಜೊತೆ ಸಂತಾನದ ಸಂಬಂಧ ಇಲ್ಲದೆ ಇರೋ ಗುಂಪು ಒಂದು ಪ್ರಭೇದ, ಸ್ಥೂಲವಾಗಿ ಇಷ್ಟು. ಇದು ಕೆಲಸಕ್ಕೆ ಬರೋ ವ್ಯಾಖ್ಯಾನವೇ, ಆದ್ರೆ ಪಾಠಪುಸ್ತಕಕ್ಕೆ ಇಳಿಯೋ ಹೊತ್ತಿಗೆ "ಒಂದೇ ಒಂದು ಬೆರಕೆ ಮರಿ ಹುಟ್ಟಿದ್ರೂ ಎರಡೂ ಒಂದೇ ಪ್ರಭೇದ" ಅನ್ನೋ ಥರ ಆಗಿಬಿಟ್ಟಿದೆ. ನಿಜದಲ್ಲಿ ಪ್ರಾಣಿಗಳಲ್ಲೇ ನೂರಕ್ಕೆ ಸುಮಾರು ಹತ್ತು ಪ್ರಭೇದಗಳು ಆಗಾಗ ಇನ್ನೊಂದು ಪ್ರಭೇದದ ಜೊತೆ ಕೂಡಿ ಮರಿ ಮಾಡ್ತವೆ ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು, ಗಿಡಗಳಲ್ಲಿ ಇನ್ನೂ ಜಾಸ್ತಿ. ಒಂದು ಮರಿ ಹುಟ್ಟೋದಕ್ಕೂ ಒಂದು ಕಡೆಯ ಜೀನುಗಳು ಇನ್ನೊಂದು ಕಡೆಗೆ ಹೋಗಿ ತಲೆತಲಾಂತರ ಉಳ್ಕೊಳ್ಳೋದಕ್ಕೂ ಮಧ್ಯೆ ತುಂಬಾ ದೂರ ಇದೆ, ಹಲ್ಲಿಗಳ ಕಥೆ ಪೂರ್ತಿ ನಡಿಯೋದು ಆ ದೂರದಲ್ಲೇ.

ಅತಿ ಸರಳ ಕೇಸ್ ಟ್ರಿನಿಡಾಡ್ ದ್ವೀಪದ್ದು. ಅಲ್ಲಿಗೆ ಅನೋಲಿಸ್ ಏನಿಯಸ್ ಅನ್ನೋ ಹಲ್ಲಿ ಗ್ರೆನಡಾ ಕಡೆಯಿಂದ, ಅನೋಲಿಸ್ ಟ್ರಿನಿಟಾಟಿಸ್ ಅನ್ನೋದು ಸೇಂಟ್ ವಿನ್ಸೆಂಟ್ ಕಡೆಯಿಂದ, ಎರಡೂ ಜನರ ಓಡಾಟದ ಜೊತೆ ಬಂದು ಸೇರ್ಕೊಂಡವು. (ಹೆಸರು ಟ್ರಿನಿಟಾಟಿಸ್ ಅಂತ ಇದ್ರೂ ಅದು ಟ್ರಿನಿಡಾಡ್‌ನ ಮೂಲ ನಿವಾಸಿ ಅಲ್ಲ, ಪ್ರಾಣಿಶಾಸ್ತ್ರದಲ್ಲಿ ಇಂಥಾ ತಮಾಷೆ ಬೇಕಾದಷ್ಟಿದೆ.) ಎರಡೂ ಎದುರಾದಲ್ಲಿ ಬೆರಕೆ ಹಲ್ಲಿಗಳು ಹುಟ್ಟಿದ್ವು. 1960ರ ದಶಕದ ಕೊನೆಗೆ ಅವನ್ನ ಹಿಡಿದು ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದೇನಂದ್ರೆ ಅವು ಬಂಜೆ. ಹಲ್ಲಿ ಆರೋಗ್ಯವಾಗೇ ಇರುತ್ತೆ, ಗಂಡಾದ್ರೆ ಮರದ ಮೇಲೆ ಕೂತು ತಲೆ ಆಡಿಸ್ತಾ ಜಾಗ ಕಾಯುತ್ತೆ, ಆದ್ರೆ ಅದರ ಜೀನು ಮುಂದಿನ ತಲೆಮಾರಿಗೆ ಹೋಗಲ್ಲ. ಈ ಥರದ ಕೂಡುವಿಕೆ ಲಕ್ಷ ಸಲ ಆದ್ರೂ ಎರಡು ಪ್ರಭೇದ ಕಲಸಲ್ಲ, ಲೆಕ್ಕ ಅಲ್ಲಿಗೇ ಚುಕ್ತಾ.

ಗಲಾಪಗೋಸ್‌ನ ದಕ್ಷಿಣ ಪ್ಲಾಜಾ ಅನ್ನೋ ಪುಟ್ಟ ದ್ವೀಪದಲ್ಲೂ ಹೆಚ್ಚುಕಮ್ಮಿ ಇದೇ ಕಥೆ, ಆದ್ರೆ ನೋಡೋಕೆ ಇನ್ನೂ ಚೆನ್ನಾಗಿದೆ. ಸಮುದ್ರದೊಳಗೆ ಮುಳುಗಿ ಪಾಚಿ ತಿನ್ನೋ ಕಡಲ ಇಗ್ವಾನಾ, ನೆಲದ ಮೇಲೆ ಪಾಪಸುಕಳ್ಳಿ ತಿನ್ನೋ ನೆಲದ ಇಗ್ವಾನಾ, ಇವೆರಡೂ ಬೇರೆ ಬೇರೆ ಕುಲವೇ, ಬೇರೆಯಾಗಿ ಹಲವು ದಶಲಕ್ಷ ವರ್ಷ ಆಗಿದೆ. ಆದ್ರೂ ಅಲ್ಲಿ ಆಗೊಮ್ಮೆ ಈಗೊಮ್ಮೆ ಕಡಲ ಗಂಡು ನೆಲದ ಹೆಣ್ಣಿನ ಜೊತೆ ಕೂಡುತ್ತೆ, ಮರಿ ಆಗುತ್ತೆ. ಆ ಮರಿ ಮೈ ಕಪ್ಪು, ಅದರ ಮೇಲೆ ಮಾಸಲು ಪಟ್ಟೆ, ಉಗುರು ಮಾತ್ರ ಅಪ್ಪನ ಕಡೆಯ ಚೂಪು ಉಗುರು. ಅಮ್ಮನ ಕಡೆಯವು ಕಳ್ಳಿ ಗಿಡದ ಕೆಳಗೆ ಹಣ್ಣು ಬೀಳೋದನ್ನ ಕಾಯ್ತಾ ಕೂತಿದ್ರೆ ಇದು ಕಳ್ಳಿ ಹತ್ತೇಬಿಡುತ್ತೆ. ಊಟದ ವಿಷಯದಲ್ಲಿ ಅಪ್ಪ ಅಮ್ಮ ಇಬ್ಬರಿಗಿಂತ ಗಟ್ಟಿ ಅಂತ ಬೇಕಾದ್ರೆ ಹೇಳಿ, ಆದ್ರೂ ಇವುಗಳಿಂದ ಒಂದು ಹೊಸ ಸಂತತಿ ಬೆಳೆದಿಲ್ಲ, ಬಂಜೆ ಅಂತಲೇ ಪರಿಗಣಿಸ್ತಾರೆ.

ಇವೆರಡೂ ಸುಲಭದ ಕೇಸ್. ನಿಮ್ಮ ಪ್ರಶ್ನೆಗೆ ನಿಜವಾದ ಬಿಸಿ ತಗಲೋದು ಬೆರಕೆ ಮರಿಗಳಿಗೂ ಮರಿಯಾಗುತ್ತೆ ಅನ್ನೋವಾಗ. ಅಲ್ಲಿ ಯಾವುದೋ ಒಂದೇ ಗೋಡೆ ಇರಲ್ಲ, ನಾಲ್ಕೈದು ಅರೆಬರೆ ಅಡ್ಡಿಗಳು ಒಂದರ ಹಿಂದೆ ಒಂದು ಇರ್ತವೆ, ಪ್ರತಿಯೊಂದೂ ಸೋರುತ್ತೆ, ಆದ್ರೆ ಎಲ್ಲಾ ಸೇರಿದ್ರೆ ದಾಟಿ ಬರೋದು ಸ್ವಲ್ಪವೇ.

ಮೊದಲನೇ ಅಡ್ಡಿ ಕೂಡೋದಕ್ಕೂ ಮುಂಚಿನದು, ಜೋಡಿ ಗುರುತಿಸೋದು. ಅನೋಲಿಸ್ ಗುಂಪಲ್ಲಿ ಸುಮಾರು 400 ಪ್ರಭೇದ ಇವೆ, ಅವುಗಳಲ್ಲಿ ಗಂಡಿನ ಗಂಟಲ ಕೆಳಗೆ ಮಡಚಿಟ್ಟ ಒಂದು ತೊಗಲು ಇರುತ್ತೆ, ಅದನ್ನ ಫಟ್ ಅಂತ ಬಿಚ್ಚಿ ತೋರಿಸ್ತವೆ, ಜೊತೆಗೆ ತಲೆ ಮೇಲೆ ಕೆಳಗೆ ಮಾಡ್ತವೆ, ಆ ಕುಣಿತದ ತಾಳ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ತೊಗಲಿನ ಬಣ್ಣವೂ ಬೇರೆ. ಪೋರ್ಟೊ ರಿಕೊದ ಒಣ ಪ್ರದೇಶದಲ್ಲಿ ಅನೋಲಿಸ್ ಕುಕಿ ಮತ್ತೆ ಅನೋಲಿಸ್ ಕ್ರಿಸ್ಟಟೆಲ್ಲಸ್ ಅಕ್ಕಪಕ್ಕ ಇರ್ತವೆ, ನಮ್ಮ ಕಣ್ಣಿಗೆ ಎರಡರದ್ದೂ ಒಂದೇ ಅಚ್ಚು ಅನ್ನಿಸುತ್ತೆ, ಆದ್ರೆ ಒಂದರ ಗಂಟಲ ತೊಗಲು ಅತಿನೇರಳೆ ಬೆಳಕನ್ನ ಜಾಸ್ತಿ ಪ್ರತಿಫಲಿಸುತ್ತೆ, ಇನ್ನೊಂದರದ್ದು ಅಷ್ಟಾಗಿ ಇಲ್ಲ. ಹಲ್ಲಿ ಕಣ್ಣಿಗೆ ಅತಿನೇರಳೆ ಕಾಣುತ್ತೆ, ನಮಗೆ ಕಾಣಲ್ಲ, ಹಾಗಾಗಿ ನಮಗೆ ಒಂದೇ ಥರ ಕಾಣೋದು ಅವಕ್ಕೆ ಎದ್ದುಕಾಣೋ ವ್ಯತ್ಯಾಸ. ಇನ್ನೊಂದು ವಿಷಯ, ಇವೆರಡೂ ಕೂರೋ ಜಾಗದ ಬೆಳಕೂ ಬೇರೆ ಬೇರೆ, ಒಂದು ತೆರೆದ ಬಿಸಿಲಲ್ಲಿ ಜಾಸ್ತಿ, ಇನ್ನೊಂದು ನೆರಳಿನ ಕಡೆ.

ಹೈಟಿಯ ಪಶ್ಚಿಮ ಕರಾವಳಿಯ ಉದಾಹರಣೆ ನನಗೆ ತುಂಬಾ ಇಷ್ಟ. ಅಲ್ಲಿ ಮೂರು ಹತ್ತಿರದ ಅನೋಲ್ ಪ್ರಭೇದಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಇವೆ, ವೆಬ್‌ಸ್ಟೆರಿ, ಕಾಡಾಲಿಸ್, ಬ್ರೆವಿರೋಸ್ಟ್ರಿಸ್. ಮಧ್ಯದ ಕಾಡಾಲಿಸ್ ಇದೆಯಲ್ಲ, ಅದರ ಗಂಟಲ ಬಣ್ಣ ಎಲ್ಲಾ ಕಡೆ ಒಂದೇ ಇಲ್ಲ. ಉತ್ತರದ ಪಕ್ಕದ ಪ್ರಭೇದದ ಗಂಟಲು ಕಿತ್ತಳೆ, ಅದಕ್ಕೆ ತಾಗಿಕೊಂಡಿರೋ ಕಡೆ ಕಾಡಾಲಿಸ್‌ದು ಬಿಳಿಚು. ದಕ್ಷಿಣದ ಪಕ್ಕದ ಪ್ರಭೇದದ್ದು ಬಿಳಿಚು, ಆ ಕಡೆಗೆ ಹೋಗ್ತಾ ಹೋಗ್ತಾ ಕಾಡಾಲಿಸ್‌ನ ಗಂಟಲು ಕಿತ್ತಳೆಗೆ ತಿರುಗುತ್ತೆ. ಅಂದ್ರೆ ಪಕ್ಕದವನು ಯಾರು ಅಂತ ನೋಡ್ಕೊಂಡು ಅದಕ್ಕೆ ಉಲ್ಟಾ ಬಣ್ಣ. 1970ರ ದಶಕದಲ್ಲೇ ಇದನ್ನ ಗಮನಿಸಿದ್ರು, 40 ವರ್ಷ ಆದ್ಮೇಲೆ ಜೀನೋಮ್ ಮಾಹಿತಿ ಇಟ್ಕೊಂಡು ನೋಡಿದಾಗಲೂ ಮೂರೂ ಬೇರೆ ಬೇರೆ ಪ್ರಭೇದ ಅನ್ನೋದು ನಿಂತಿತು. ಇದಕ್ಕೆ ಕೊಡೋ ವಿವರಣೆ ಹೀಗೆ: ತಪ್ಪು ಜೋಡಿ ಆರಿಸ್ಕೊಂಡ ಹೆಣ್ಣಿನ ಮರಿಗಳು ಚೆನ್ನಾಗಿ ಉಳಿಯದೇ ಇದ್ರೆ, ಸರಿಯಾಗಿ ಗುರುತಿಸೋ ಹೆಣ್ಣಿನ ಮರಿಗಳೇ ತಲೆಮಾರಿಂದ ತಲೆಮಾರಿಗೆ ಜಾಸ್ತಿಯಾಗ್ತವೆ, ಗುರುತೂ ಇನ್ನಷ್ಟು ಎದ್ದುಕಾಣುತ್ತೆ. ಬೆರಕೆ ಆಗೋದೇ ಮುಂದಿನ ಬೆರಕೆಯನ್ನ ಕಮ್ಮಿ ಮಾಡೋ ದಾರಿ ಇದು, ಕೇಳೋಕೆ ವಿಚಿತ್ರ ಅನ್ಸುತ್ತೆ.

ಬಣ್ಣ ಮಾತ್ರ ಅಲ್ಲ, ವಾಸನೆಯೂ ಇದೆ. ಯುರೋಪಿನ ಗೋಡೆ ಹಲ್ಲಿಗಳು, ಪೊಡಾರ್ಸಿಸ್ ಅನ್ನೋ ಕುಲದವು, ತೊಡೆಯ ಒಳಭಾಗದಲ್ಲಿ ಸಾಲಾಗಿ ಇರೋ ರಂಧ್ರಗಳಿಂದ ಮೇಣದಂಥ ಸ್ರಾವ ಬಿಡ್ತವೆ, ಓಡಾಡಿದ ಕಲ್ಲಿಗೆಲ್ಲಾ ಅದು ಮೆತ್ತಿಕೊಳ್ಳುತ್ತೆ, ಇನ್ನೊಂದು ಹಲ್ಲಿ ಬಂದು ನಾಲಿಗೆ ತಾಗಿಸಿ ಇದು ನಮ್ಮದಾ ಬೇರೆಯವರದ್ದಾ ಅಂತ ತಿಳ್ಕೊಳ್ಳುತ್ತೆ. ಹಾಗಂತ ಎಲ್ಲಾ ಕಡೆ ಹೆಣ್ಣು ಕೂಲಂಕಷವಾಗಿ ಆರಿಸುತ್ತೆ ಅಂದ್ಕೋಬೇಡಿ, ಇಟಲಿ ವಿಷಯಕ್ಕೆ ಬಂದಾಗ ಹೇಳ್ತೀನಿ, ಅಲ್ಲಿ ಉಲ್ಟಾ.

ಎರಡನೇ ಅಡ್ಡಿ ಮರಿಯ ಒಳಗಡೆ. ಎರಡು ಗುಂಪು ಬೇರೆಬೇರೆ ಕಡೆ ಲಕ್ಷಾಂತರ ವರ್ಷ ಇದ್ದಾಗ ಒಂದು ಗುಂಪಲ್ಲಿ ಒಂದು ಜೀನು ಬದಲಾಗುತ್ತೆ, ಇನ್ನೊಂದರಲ್ಲಿ ಇನ್ನೊಂದು ಜೀನು. ಎರಡೂ ಅವುಗಳ ಮನೇಲಿ ಚೆನ್ನಾಗೇ ಕೆಲಸ ಮಾಡ್ತಿರ್ತವೆ, ಯಾಕಂದ್ರೆ ಅಲ್ಲಿನ ಉಳಿದ ಜೀನುಗಳ ಜೊತೆ ಹೊಂದಿಕೊಂಡೇ ಬಂದಿರ್ತವೆ. ಆದ್ರೆ ಆ ಎರಡು ಹೊಸ ಜೀನುಗಳು ಯಾವತ್ತೂ ಒಂದೇ ದೇಹದಲ್ಲಿ ಒಟ್ಟಿಗೆ ಇದ್ದಿದ್ದೇ ಇಲ್ಲ, ಬೆರಕೆ ಮರೀಲಿ ಮೊದಲ ಸಲ ಎದುರಾಗ್ತವೆ, ಹೊಂದದೇ ಇದ್ರೆ ಭ್ರೂಣ ಸಾಯಬಹುದು, ವೀರ್ಯ ಸರಿ ಆಗದೇ ಇರಬಹುದು, ಅಥವಾ ಬರೀ ಸ್ವಲ್ಪ ನಿಧಾನ ಬೆಳೀಬಹುದು. ಡೊಬ್‌ಜಾನ್ಸ್ಕಿ ಮತ್ತೆ ಮುಲ್ಲರ್ 1930-40ರ ದಶಕದಲ್ಲಿ ಇದನ್ನ ಬಿಡಿಸಿ ಹೇಳಿದ್ರು, ಇವತ್ತಿಗೂ ಮುಖ್ಯ ವಿವರಣೆ ಇದೇ. ಗಮನಿಸಿ, ಈ ಹೊಂದಾಣಿಕೆಯ ತೊಂದರೆ ಎಷ್ಟೋ ಸಲ ಮೊದಲ ತಲೆಮಾರಲ್ಲಿ ಕಾಣಲ್ಲ. ಮೊದಲ ಬೆರಕೆ ಮರೀಲಿ ಎರಡೂ ಕಡೆಯ ಒಂದೊಂದು ಪೂರ್ತಿ ಸೆಟ್ ಇರುತ್ತೆ, ಒಂದು ಕಡೆಯದು ಕೈಕೊಟ್ರೆ ಇನ್ನೊಂದು ಮುಚ್ಚಿಹಾಕುತ್ತೆ. ಎರಡನೇ ಮೂರನೇ ತಲೆಮಾರಲ್ಲಿ ಸೆಟ್ ಒಡೆದು ಕಲಸಿದಾಗ ಬಣ್ಣ ಬಯಲಾಗುತ್ತೆ. ಹಾಗಾಗಿ "ಬೆರಕೆ ಮರಿ ನೋಡಿದೆ, ಆರೋಗ್ಯವಾಗಿತ್ತು" ಅನ್ನೋದು ಸಾಕ್ಷಿ ಆಗಲ್ಲ, ಅದರ ಮೊಮ್ಮಕ್ಕಳನ್ನ ನೋಡ್ಬೇಕು.

ಕ್ರೋಮೋಸೋಮ್ ಸಂಖ್ಯೆಯೇ ಬೇರೆ ಇದ್ರಂತೂ ಇನ್ನೂ ಕಷ್ಟ. ಮೆಕ್ಸಿಕೋದ ಸ್ಕೆಲೋಪೋರಸ್ ಗ್ರಾಮಿಕಸ್ ಗುಂಪಲ್ಲಿ ಕ್ರೋಮೋಸೋಮ್ ಎಣಿಕೆ 30ರ ಆಸುಪಾಸಿನಿಂದ 46ರವರೆಗೆ ಇದೆ, ಹೊರಗಡೆಯಿಂದ ನೋಡಿದ್ರೆ ಎಲ್ಲಾ ಒಂದೇ. ಹಿಡಾಲ್ಗೋ ರಾಜ್ಯದಲ್ಲಿ ಇಂಥಾ ಎರಡು ಬಗೆಗಳು ತಾಗಿಕೊಂಡು ಬೆರಕೆ ಆಗೋ ಪಟ್ಟಿಯನ್ನ ತುಂಬಾ ವರ್ಷ ಅಧ್ಯಯನ ಮಾಡಿದ್ದಾರೆ.

ಹಾಲ್ಡೇನ್ ನಿಯಮ ಅಂತ ಒಂದಿದೆ, 1922ರದ್ದು: ಬೆರಕೆ ಮರಿಗಳಲ್ಲಿ ಒಂದು ಲಿಂಗ ಮಾತ್ರ ಇಲ್ಲವಾಗೋದು, ಅಪರೂಪ ಆಗೋದು ಅಥವಾ ಬಂಜೆ ಆಗೋದು ಕಂಡ್ರೆ, ಅದು ಎರಡು ಬೇರೆಬೇರೆ ಲಿಂಗ ಕ್ರೋಮೋಸೋಮ್ ಇರೋ ಲಿಂಗವೇ ಆಗಿರುತ್ತೆ. ಹಲ್ಲಿಗಳಲ್ಲಿ ಇದು ಮಜಾ ಕೊಡುತ್ತೆ, ಯಾಕಂದ್ರೆ ಅನೋಲ್‌ಗಳಲ್ಲಿ ನಮ್ಮ ಥರ ಗಂಡು ಎಕ್ಸ್ ವೈ, ಆದ್ರೆ ಗೋಡೆ ಹಲ್ಲಿಗಳ ಕುಟುಂಬದಲ್ಲಿ ಹಕ್ಕಿಗಳ ಥರ ಹೆಣ್ಣು ಝಡ್ ಡಬ್ಲ್ಯೂ. ಹಾಗಾಗಿ ಅನೋಲ್‌ಗಳಲ್ಲಿ ಪೆಟ್ಟು ಗಂಡಿಗೆ ಬೀಳ್ಬೇಕು, ಗೋಡೆ ಹಲ್ಲಿಗಳಲ್ಲಿ ಹೆಣ್ಣಿಗೆ. ಹೆಣ್ಣಿಗೆ ಬಿದ್ರೆ ಇನ್ನೊಂದು ಪರಿಣಾಮ ಇದೆ, ಮೈಟೋಕಾಂಡ್ರಿಯಾದ ಡಿಎನ್‌ಎ ಅಮ್ಮನಿಂದ ಮಾತ್ರ ಬರೋದು, ಬೆರಕೆ ಹೆಣ್ಣುಗಳೇ ಉಳಿಯದೇ ಇದ್ರೆ ಅದು ಗಡಿ ದಾಟೋದು ಕಷ್ಟ. ಕಷ್ಟ ಅಂದೆ, ದಾಟೋದೇ ಇಲ್ಲ ಅಂದಿಲ್ಲ, ದಾಟಿದ ಉದಾಹರಣೆಗಳೂ ಬೇಕಾದಷ್ಟಿವೆ.

ಇನ್ನು ಬಂಜೆಯೂ ಅಲ್ಲ, ರೋಗಿಯೂ ಅಲ್ಲ, ಆದ್ರೆ ಎರಡೂ ಕಡೆಗೆ ಸಲ್ಲದ ಮರಿಗಳು. ಯುರೋಪಿನ ಝೂಟೋಕಾ ವಿವಿಪಾರಾ ನೋಡಿ. ಇದರಲ್ಲಿ ಕೆಲವು ವಂಶಗಳು ಮೊಟ್ಟೆ ಇಡ್ತವೆ, ಕೆಲವು ನೇರ ಮರಿ ಹಾಕ್ತವೆ. ಲ್ಯಾಬ್‌ನಲ್ಲಿ ಎರಡನ್ನೂ ಕೂಡಿಸಿದ್ರೆ ಹುಟ್ಟಿದ ಹೆಣ್ಣು ದೊಡ್ಡದಾದ್ಮೇಲೆ ಏನು ಮಾಡುತ್ತೆ ಗೊತ್ತಾ, ಮೊಟ್ಟೆಯನ್ನ ಮಾಮೂಲಿಗಿಂತ ಜಾಸ್ತಿ ದಿನ ಹೊಟ್ಟೇಲಿ ಇಟ್ಕೊಳ್ಳುತ್ತೆ, ಆಮೇಲೆ ತೆಳ್ಳನೆ ಚಿಪ್ಪಿನ ಮೊಟ್ಟೆ ಇಡುತ್ತೆ, ಒಳಗಿನ ಭ್ರೂಣ ಆಗಲೇ ಅರ್ಧಕ್ಕಿಂತ ಮುಂದೆ ಬೆಳೆದಿರುತ್ತೆ. ಮೊಟ್ಟೆ ಇಡೋದಕ್ಕೂ ಮರಿ ಹಾಕೋದಕ್ಕೂ ನಡುವಿನದ್ದು. ಲ್ಯಾಬ್‌ನಲ್ಲಿ ಹೇಗೋ ನಡೆಯುತ್ತೆ, ಚಳಿಯಲ್ಲಿ ಬಯಲಲ್ಲಿ ಆ ತೆಳು ಚಿಪ್ಪಿಗೆ ಏನಾಗುತ್ತೋ ನೀವೇ ಊಹಿಸಿ. ಆಸ್ಟ್ರಿಯಾದ ಕಾರಿಂಥಿಯಾದಲ್ಲಿ ಎರಡೂ ಬಗೆ ಒಟ್ಟಿಗೆ ಸಿಗೋ ಜಾಗ ಸಿಕ್ಕಿದೆ, ಅಲ್ಲಿ ಬೆರಕೆ ಆಗ್ತಿರೋದು ನಿಜ, ಆದ್ರೆ ಕಮ್ಮಿ.

ಈಗ ನಿಮ್ಮ "ಸಾವಿರಾರು ವರ್ಷದಲ್ಲಿ ಕಲಸಿಹೋಗ್ಬೇಕಿತ್ತಲ್ವಾ" ಅನ್ನೋದಕ್ಕೆ ಬರೋಣ, ಇದನ್ನ ಲೆಕ್ಕ ಹಾಕಿಯೇ ನೋಡಬಹುದು. ಹಲ್ಲಿ ದೂರ ಹೋಗೋ ಪ್ರಾಣಿ ಅಲ್ಲ. ಒಂದು ಮರಿ ಹುಟ್ಟಿದ ಜಾಗದಿಂದ ತಾನು ಮರಿ ಮಾಡೋ ಜಾಗಕ್ಕೆ ಸರಾಸರಿ ಒಂದು 100 ಮೀಟರ್ ಸರಿಯುತ್ತೆ ಅಂತ ಇಟ್ಕೊಳ್ಳಿ. ಎರಡು ಪ್ರಭೇದ ತಾಗಿವೆ, ಯಾವ ಅಡ್ಡಿಯೂ ಇಲ್ಲ, ಬೆರಕೆ ಮರಿಗೆ ಯಾವ ನಷ್ಟವೂ ಇಲ್ಲ ಅಂದ್ರೆ 10,000 ತಲೆಮಾರು ಆದ್ಮೇಲೆ ಕಲಸಿದ ಪಟ್ಟಿಯ ಅಗಲ ಸುಮಾರು 25 ಕಿಲೋಮೀಟರ್ ಆಗುತ್ತೆ, ಅಗಲ ಆಗ್ತಾನೇ ಹೋಗುತ್ತೆ, ಕೊನೆಗೆ ನೀವು ಹೇಳಿದ ಹಾಗೆ ಎರಡೂ ಒಂದೇ. ಈಗ ಒಂದೇ ಒಂದು ಬದಲಾವಣೆ ಮಾಡಿ: ಬೆರಕೆ ಮರಿಗೆ ಹತ್ತು ಪರ್ಸೆಂಟ್ ನಷ್ಟ ಇದೆ, ಅಂದ್ರೆ ಶುದ್ಧ ಹಲ್ಲಿ 100 ಮರಿ ಉಳಿಸ್ಕೊಂಡ್ರೆ ಇದು 90. ಅಷ್ಟೇ ಸಾಕು, ಪಟ್ಟಿ ಸುಮಾರು 900 ಮೀಟರಿಗೆ ನಿಂತುಬಿಡುತ್ತೆ, ಹತ್ತು ಸಾವಿರ ತಲೆಮಾರಾದ್ರೂ ಅಷ್ಟೇ, ಲಕ್ಷ ಆದ್ರೂ ಅಷ್ಟೇ. ಎರಡೂ ಕಡೆಯಿಂದ ಶುದ್ಧ ಹಲ್ಲಿಗಳು ಬಂದು ಸೇರ್ತಾ ಇರ್ತವೆ, ಮಧ್ಯದಲ್ಲಿ ಬೆರಕೆ ಹುಟ್ತಾ ಇರುತ್ತೆ, ಸೋಸಿಹೋಗ್ತಾ ಇರುತ್ತೆ, ಎರಡೂ ಸರಿಸಮ. ಇದನ್ನ ಟೆನ್ಷನ್ ಝೋನ್ ಅಂತಾರೆ. ನೂರಾರು ಕಿಲೋಮೀಟರ್ ಹರಡಿರೋ ಎರಡು ಪ್ರಭೇದಗಳ ಮಧ್ಯೆ ಒಂದು ಕಿಲೋಮೀಟರ್ ಅಗಲದ ಬೆರಕೆ ಪಟ್ಟಿ, ಅಲ್ಲಿ ದಿನಾ ಬೆರಕೆ ಆಗ್ತಾನೇ ಇದೆ, ಆದ್ರೂ ಎರಡೂ ಪ್ರಭೇದ ಹಾಗೇ ಇವೆ. ಪಟ್ಟಿಯಲ್ಲೇ ನಿಂತು ನೋಡಿದವರಿಗೆ ಪ್ರಭೇದಗಳೇ ಇಲ್ಲ ಅನ್ನಿಸುತ್ತೆ, ಐದು ಕಿಲೋಮೀಟರ್ ಆಚೆ ಹೋದ್ರೆ ಬೆರಕೆಯೇ ಇಲ್ಲ ಅನ್ನಿಸುತ್ತೆ.

ಪೋರ್ಚುಗಲ್‌ನ ಉತ್ತರ ಕರಾವಳಿಯಲ್ಲಿ ಪೊಡಾರ್ಸಿಸ್ ಬೊಕಾಗೆ ಮತ್ತೆ ಪೊಡಾರ್ಸಿಸ್ ಕಾರ್ಬೊನೆಲ್ಲಿ ಸಿಗೋ ಜಾಗದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಒಂದೇ ಜಾಗದ ಹಲ್ಲಿಗಳ ಡಿಎನ್‌ಎ ತೆಗೆದು ಪ್ರತಿಯೊಂದೂ ಎಷ್ಟು ಬೆರಕೆ ಅಂತ ಸಾಲಾಗಿ ಜೋಡಿಸಿದ್ರೆ, ಹೆಚ್ಚಿನವು ಆ ತುದಿ ಇಲ್ಲಾ ಈ ತುದಿ, ಮಧ್ಯದಲ್ಲಿ ಅಲ್ಲೊಂದು ಇಲ್ಲೊಂದು. ಮುಕ್ತವಾಗಿ ಕೂಡ್ತಿದ್ರೆ ಮಧ್ಯದಲ್ಲೇ ಗುಂಪು ಇರ್ಬೇಕಿತ್ತು. ನಾನಂತೂ ಎರಡು ಪ್ರಭೇದ ಬೇರೆ ಹೌದೋ ಅಲ್ವೋ ಅಂತ ಯಾರಾದ್ರೂ ಕೇಳಿದ್ರೆ ಮೊದಲು ಕೇಳೋದು ಈ ಚಿತ್ರವನ್ನೇ, ತುದಿಗಳಲ್ಲಿ ಗುಡ್ಡೆ ಇದೆಯಾ ಮಧ್ಯದಲ್ಲಿ ಇದೆಯಾ. ಬೆರಕೆ ಇದೆಯೋ ಇಲ್ವೋ ಅನ್ನೋದು ಅಷ್ಟು ಉಪಯೋಗದ ಪ್ರಶ್ನೆ ಅಲ್ಲ.

ಬೇರೆಯಾಗಿ ಎಷ್ಟು ಕಾಲ ಆಗಿದೆ ಅನ್ನೋದಕ್ಕೆ ಬೆಲೆ ಇದೆಯಾ ಅಂದ್ರೆ, ಇದೆ, ಆದ್ರೆ ಅದೊಂದೇ ಅಲ್ಲ. ಈಶಾನ್ಯ ಆಸ್ಟ್ರೇಲಿಯಾದ ಮಳೆಕಾಡುಗಳಲ್ಲಿ ಪುಟ್ಟಪುಟ್ಟ ಹಾವುರಾಣಿಗಳಿವೆ. ಹಿಂದೆ ಹವೆ ಒಣಗಿದ್ದಾಗ ಕಾಡು ತುಂಡಾಗಿ ಅವೂ ಎರಡೆರಡು ಗುಂಪಾದ್ವು, ಮಳೆ ಮತ್ತೆ ಬಂದು ಕಾಡು ಸೇರಿದಾಗ ಗುಂಪುಗಳು ಮತ್ತೆ ತಾಗಿದ್ವು. ಒಂದೇ ಪ್ರದೇಶ, ಹೆಚ್ಚುಕಮ್ಮಿ ಒಂದೇ ಥರದ ಜೀವನ, ಬೇರೆಯಾಗಿದ್ದ ಕಾಲ ಮಾತ್ರ ಜೋಡಿಯಿಂದ ಜೋಡಿಗೆ ಬೇರೆ. ಪ್ರಕೃತಿಯೇ ಮಾಡಿಟ್ಟ ಪ್ರಯೋಗ ಇದು. ಸೋನಲ್ ಸಿಂಘಾಲ್ ಮತ್ತೆ ಕ್ರೇಗ್ ಮೊರಿಟ್ಜ್ 2013ರಲ್ಲಿ ಇಂಥಾ ಹಲವು ಜೋಡಿಗಳನ್ನ ಹೋಲಿಸಿ ತೋರಿಸಿದ್ದು, ಜಾಸ್ತಿ ಕಾಲ ಬೇರೆಯಾಗಿದ್ದ ಜೋಡಿಗಳ ಬೆರಕೆ ಪಟ್ಟಿ ಕಿರಿದು, ಬೆರಕೆಯೂ ಕಮ್ಮಿ. ಕಣ್ಣಿಗೆ ಮಾತ್ರ ಜೋಡಿಯ ಎರಡೂ ಒಂದೇ ಥರ ಕಾಣ್ತವೆ, ಹಾಗಾಗಿ 2018ರವರೆಗೆ ಒಂದೇ ಹೆಸರಲ್ಲಿದ್ದ ಒಂದು ಹಾವುರಾಣಿಯನ್ನ ಎರಡು ಮಾಡಿ ಹೊಸದಕ್ಕೆ ಕಾರ್ಲಿಯಾ ಕ್ರಿಪ್ಟಾ ಅಂತ ಹೆಸರಿಟ್ರು.

ಆದ್ರೆ ಮಾರ್ಟಿನಿಕ್ ದ್ವೀಪ ಈ ಲೆಕ್ಕವನ್ನ ಕೆಡಿಸುತ್ತೆ. ಈಗಿನ ಮಾರ್ಟಿನಿಕ್ ಹಿಂದೆ ಬೇರೆಬೇರೆ ಸಣ್ಣ ದ್ವೀಪಗಳಾಗಿತ್ತು, ಒಂದೊಂದರಲ್ಲೂ ಅನೋಲಿಸ್ ರೊಕೆಟ್ ಹಲ್ಲಿಯ ಒಂದೊಂದು ವಂಶ ಹಲವು ದಶಲಕ್ಷ ವರ್ಷ ಒಂಟಿಯಾಗಿತ್ತು, ಆಮೇಲೆ ಜ್ವಾಲಾಮುಖಿ ಅವನ್ನೆಲ್ಲಾ ಒಂದು ಮಾಡ್ತು. ಇಷ್ಟು ಕಾಲ ದೂರ ಇದ್ದವು, ಎದುರಾದಾಗ ಬೇರೆ ಪ್ರಭೇದ ಥರ ನಡ್ಕೋಬೇಕಿತ್ತಲ್ಲ? ಇಲ್ಲ. ರೋಜರ್ ಥೋರ್ಪ್ ತಂಡ 2010ರಲ್ಲಿ ಪ್ರಕಟಿಸಿದ ಪ್ರಕಾರ ಹಳೇ ವಂಶಗಳು ಸಿಗೋ ಕಡೆ ಜೀನು ಸರಾಗವಾಗಿ ಹರೀತಿತ್ತು, ಅದಕ್ಕಿಂತ ಜಾಸ್ತಿ ತಡೆ ಕಂಡಿದ್ದು ಒಣ ಕರಾವಳಿಗೂ ಒದ್ದೆ ಮಳೆಕಾಡಿಗೂ ನಡುವೆ. ಅಂದ್ರೆ ಅಲ್ಲಿ ಬೇರೆ ಮಾಡ್ತಿರೋದು ಕಾಲಕ್ಕಿಂತ ಜಾಗ. ಒಣ ನೆಲಕ್ಕೆ ಹೊಂದಿದ ಮೈಗೆ ಮಳೆಕಾಡು ಒಗ್ಗಲ್ಲ, ಮಧ್ಯದ ಮೈಗೆ ಎರಡೂ ಸರಿಯಾಗಿ ಒಗ್ಗಲ್ಲ.

ಈಗ ಇಟಲಿ. ಪೊಡಾರ್ಸಿಸ್ ಮುರಾಲಿಸ್ ಅನ್ನೋ ಮಾಮೂಲಿ ಗೋಡೆ ಹಲ್ಲಿಯ ಎರಡು ವಂಶಗಳು ಅಲ್ಲಿ ಸಿಕ್ತವೆ. ಮಧ್ಯ ಇಟಲಿ, ರೋಮ್ ಕಡೆಯ ಗಂಡುಗಳು ಬೆನ್ನು ಕಡು ಹಸಿರು, ಹೊಟ್ಟೆ ಕಪ್ಪು, ತಲೆ ದೊಡ್ಡದು, ಜಗಳಗಂಟಿ. ದಕ್ಷಿಣ ಆಲ್ಪ್ಸ್ ಕಡೆಯ ವಂಶದ್ದು ಕಂದು, ಸಣ್ಣ, ಸಾಧು. ಎರಡೂ ಎದುರಾದ್ರೆ ಹಸಿರು ಗಂಡು ಕಂದು ಗಂಡನ್ನ ಓಡಿಸಿ, ಒಳ್ಳೆ ಬಿಸಿಲು ಬೀಳೋ ಗೋಡೆ ಹಿಡ್ಕೊಂಡು, ಹೆಣ್ಣನ್ನ ಕಾಯ್ಕೊಂಡು ಕೂರುತ್ತೆ. ಹೆಣ್ಣುಗಳ ಆಯ್ಕೆಗೆ ಇಲ್ಲಿ ಅಷ್ಟು ಪಾತ್ರ ಇಲ್ಲ ಅಂತ ಪ್ರಯೋಗಗಳಲ್ಲಿ ಕಂಡಿದೆ, ಗಂಡುಗಳ ಕಾದಾಟವೇ ಯಾರ ಮರಿ ಅನ್ನೋದನ್ನ ತೀರ್ಮಾನಿಸುತ್ತೆ. ಹಾಗಾಗಿ ಜೀನು ಒಂದೇ ದಿಕ್ಕಲ್ಲಿ ಹರಿದಿದೆ, ರೋಮ್ ಕಡೆಯ ವಂಶದಿಂದ ಆಲ್ಪ್ಸ್ ಕಡೆಯ ವಂಶಕ್ಕೆ. ಈಗ ಸ್ವಾರಸ್ಯದ ಭಾಗ: ಹಸಿರು ಬಣ್ಣ, ಕಪ್ಪು ಹೊಟ್ಟೆ, ದೊಡ್ಡ ತಲೆ ಇವೆಲ್ಲಾ ಗಡಿ ದಾಟಿ ಆ ಕಡೆ ವಂಶದೊಳಗೆ ದೂರ ನುಗ್ಗಿವೆ, ಜೀನೋಮ್‌ನ ಬಾಕಿ ಭಾಗ ಅಷ್ಟು ದಾಟಿಲ್ಲ. ನೋಡೋಕೆ ರೋಮಿನ ಹಲ್ಲಿ ಥರ, ಒಳಗೆ ಹೆಚ್ಚಿನಂಶ ಆಲ್ಪ್ಸ್ ಕಡೆಯದು. ಹೀಗೆ ದಾಟಿದ ತುಂಡುಗಳನ್ನೇ ಹುಡುಕಿ 2024ರಲ್ಲಿ ಪ್ರಕಟವಾದ ಕೆಲಸದಲ್ಲಿ, ಬಣ್ಣ, ತಲೆ, ಜಗಳಗಂಟಿತನ ಎಲ್ಲಾ ಒಟ್ಟೊಟ್ಟಿಗೆ ಬರೋದಕ್ಕೆ ಭ್ರೂಣದಲ್ಲಿ ನ್ಯೂರಲ್ ಕ್ರೆಸ್ಟ್ ಅನ್ನೋ ಒಂದೇ ಗುಂಪಿನ ಜೀವಕೋಶಗಳನ್ನ ನಿಯಂತ್ರಿಸೋ ಜೀನುಗಳು ಕಾರಣ ಇರಬಹುದು ಅಂತ ತೋರಿಸಿದ್ದಾರೆ.

ಇದನ್ನ ನೋಡಿದ್ರೆ ಪ್ರಭೇದದ ಗಡಿ ಒಂದು ಜರಡಿ ಅನ್ನೋದು ಗೊತ್ತಾಗುತ್ತೆ. ಯಾವ ಜೀನು ಹೊಸ ಮನೇಲೂ ಲಾಭ ಕೊಡುತ್ತೋ ಅದು ದಾಟುತ್ತೆ, ಲಾಭನಷ್ಟ ಎರಡೂ ಇಲ್ಲದ್ದು ನಿಧಾನವಾಗಿ ಸೋರುತ್ತೆ, ಯಾವುದು ಅಲ್ಲಿನ ಜೀನುಗಳ ಜೊತೆ ಹೊಂದಲ್ವೋ ಅದು ಮೇಲೇ ಉಳಿಯುತ್ತೆ. ಜೊತೆಗೆ ಅದರ ಅಕ್ಕಪಕ್ಕ ಅದೇ ಕ್ರೋಮೋಸೋಮ್‌ನಲ್ಲಿ ಅಂಟಿಕೊಂಡಿರೋದೂ ದಾಟಲ್ಲ, ವೀರ್ಯ ಅಂಡ ಆಗೋವಾಗ ಕ್ರೋಮೋಸೋಮ್ ತುಂಡುಗಳು ಅದಲುಬದಲಾಗಿ ಬಿಡಿಸ್ಕೊಳ್ಳೋವರೆಗೆ. ಅದಲುಬದಲು ಕಮ್ಮಿ ಆಗೋ ಕಡೆಗಳಲ್ಲಿ, ಲಿಂಗ ಕ್ರೋಮೋಸೋಮ್‌ಗಳಲ್ಲಿ, ಪ್ರಭೇದಗಳ ವ್ಯತ್ಯಾಸ ಗಟ್ಟಿಯಾಗಿ ಉಳಿಯೋದು ಇದಕ್ಕೇ. ಪೊಡಾರ್ಸಿಸ್ ಕುಲದ ಜೀನೋಮ್‌ಗಳನ್ನ 2021ರಲ್ಲಿ ಒಟ್ಟಿಗೆ ನೋಡಿದಾಗ ಹಳೇ ಕಾಲದ ಬೆರಕೆಯ ಗುರುತು ಎಷ್ಟು ಸಿಕ್ತು ಅಂದ್ರೆ ಕೆಲವು ಪ್ರಭೇದಗಳ ಜೀನೋಮ್ ಎರಡು ಮೂರು ಕಡೆಯ ತುಂಡುಗಳ ಕಲಬೆರಕೆ. ಆದ್ರೂ ಅವು ಇವತ್ತು ಗಟ್ಟಿ ಪ್ರಭೇದಗಳೇ.

ಕೊನೇ ಪ್ರಶ್ನೆ, ಒಂದಾಗಬಹುದಾ. ಆಗಬಹುದು, ಈಗಲೇ ಆಗ್ತಿದೆ ಕೂಡ, ಹೆಚ್ಚಾಗಿ ನಾವು ಕೈ ಹಾಕಿದ ಕಡೆ. ಕೆರಿಬಿಯನ್‌ನ ಸಣ್ಣ ಆಂಟಿಲೀಸ್ ದ್ವೀಪಗಳಲ್ಲಿ ಇಗ್ವಾನಾ ಡೆಲಿಕಾಟಿಸಿಮಾ ಅಂತ ಸ್ಥಳೀಯ ಪ್ರಭೇದ ಇದೆ. ಸಾಕೋದಕ್ಕೆ, ಹಡಗಿನ ಸಾಮಾನಿನ ಜೊತೆಗೆ, ಹೀಗೆ ಅಲ್ಲಿಗೆ ಮಾಮೂಲಿ ಹಸಿರು ಇಗ್ವಾನಾ ಬಂತು. ಅದು ದೊಡ್ಡದು, ಮೊಟ್ಟೆ ಜಾಸ್ತಿ ಇಡುತ್ತೆ, ಬೆರಕೆ ಮರಿಗಳು ಬಂಜೆ ಅಲ್ಲ. ಇವೆರಡೂ ದೂರದೂರ ಇದ್ದಿದ್ದರಿಂದ ಗುರುತಿಸೋ ಅಡ್ಡಿ ಗಟ್ಟಿಯಾಗಿ ಬೆಳೆದೇ ಇರ್ಲಿಲ್ಲ. ಗ್ವಾಡಲೂಪ್‌ನ ಎರಡು ದೊಡ್ಡ ದ್ವೀಪಗಳಲ್ಲಿ ಶುದ್ಧ ಡೆಲಿಕಾಟಿಸಿಮಾ ಈಗ ಉಳಿದಿಲ್ಲ, ಪ್ರಭೇದ ಪೂರ್ತಿ ಅಳಿವಿನಂಚಿನ ಪಟ್ಟಿಯಲ್ಲಿದೆ. ಗುರುತಿಸೋದು ಹೇಗೆ ಅಂದ್ರೆ ಹಸಿರು ಇಗ್ವಾನಾಕ್ಕೆ ಕಿವಿ ಕೆಳಗೆ ಕೆನ್ನೆ ಮೇಲೆ ಒಂದು ದೊಡ್ಡ ಗುಂಡನೆ ಹುರುಪೆ, ಬಾಲದಲ್ಲಿ ಪಟ್ಟೆ, ಡೆಲಿಕಾಟಿಸಿಮಾಕ್ಕೆ ಎರಡೂ ಇಲ್ಲ. ಬೆರಕೆಗಳಲ್ಲಿ ಇದು ಅರ್ಧಂಬರ್ಧ, ಎರಡು ಮೂರು ತಲೆಮಾರು ಸ್ಥಳೀಯ ಕಡೆಗೇ ಕೂಡಿದ್ರೆ ಕಣ್ಣಿಗೆ ಗೊತ್ತೇ ಆಗಲ್ಲ, ಡಿಎನ್‌ಎ ನೋಡ್ಲೇಬೇಕು. ಮಯಾಮಿ ಕಡೆಯೂ ಕ್ಯೂಬಾದ ಹಸಿರು ಅನೋಲ್ ಬಂದು ಸ್ಥಳೀಯ ಹಸಿರು ಅನೋಲ್ ಜೊತೆ ಬೆರೆತಿರೋದು 2019ರಲ್ಲಿ ಡಿಎನ್‌ಎಯಿಂದ ಗೊತ್ತಾಯ್ತು.

ಕೆಲವು ಸಲ ಒಂದಾಗೋದೂ ಇಲ್ಲ, ಹಾಗೇ ಇರೋದೂ ಇಲ್ಲ, ಮೂರನೇದು ಹುಟ್ಟುತ್ತೆ. ಇಲ್ಯಾ ಡರೆವ್‌ಸ್ಕಿ 1958ರಲ್ಲಿ ಅರ್ಮೇನಿಯಾದ ಕಲ್ಲುಹಲ್ಲಿಗಳಲ್ಲಿ ಗಂಡೇ ಇಲ್ಲದ ಗುಂಪುಗಳ ಬಗ್ಗೆ ಬರೆದ್ರು. ಅವು ಎರಡು ಪ್ರಭೇದಗಳ ಬೆರಕೆಯಿಂದ ಹುಟ್ಟಿದವು, ಹೆಣ್ಣು ಗಂಡಿನ ಸಹಾಯ ಇಲ್ಲದೆ ತನ್ನದೇ ನಕಲು ಹೆಣ್ಣುಮರಿ ಮಾಡುತ್ತೆ. ಅಮೆರಿಕದ ನ್ಯೂ ಮೆಕ್ಸಿಕೋದ ಚಾವಟಿಬಾಲದ ಹಲ್ಲಿಯೂ ಇದೇ ಥರ. ಅಪ್ಪ ಅಮ್ಮನ ಪ್ರಭೇದಗಳು ಮಾತ್ರ ಪಕ್ಕದಲ್ಲೇ ತಮ್ಮ ಪಾಡಿಗೆ ಇವೆ.

ಗಡಿ ಅಂದ್ರೆ ಒಂದೇ 'ಜಾಗ'ದಲ್ಲಿ ನಿಲ್ಲೋದು ಅಂತಲೂ ಇಲ್ಲ. ಅರಿಝೋನಾದಲ್ಲಿ ಜೂನಿಪರ್ ಕಾಡು ಹುಲ್ಲುಗಾವಲಿಗೆ ಸೇರೋ ಕಡೆ ಎರಡು ಸ್ಕೆಲೋಪೋರಸ್ ಪ್ರಭೇದಗಳ ಬೆರಕೆ ಪಟ್ಟಿ ಇದೆ. ಹಳೇ ಮಾದರಿಗಳನ್ನೂ ವರ್ಷಗಳ ನಂತರ ಅದೇ ಜಾಗಗಳಿಂದ ತಂದ ಹೊಸ ಮಾದರಿಗಳನ್ನೂ ಹೋಲಿಸಿ 2017ರಲ್ಲಿ ಪ್ರಕಟಿಸಿದ್ದು, ಪಟ್ಟಿ ಪೂರ್ತಿಯಾಗಿ ಪಕ್ಕಕ್ಕೆ ಸರಿದಿದೆ ಅಂತ. ಕಾಡು ಹುಲ್ಲುಗಾವಲಿನ ನಡುವಿನ ಗೆರೆ ಬದಲಾದ್ರೆ ಹಲ್ಲಿಗಳ ಗೆರೆಯೂ ಅದರ ಹಿಂದೆ ಹೋಗಬಹುದು. ನಿಮಗೆ ಇದರಲ್ಲಿ ಇನ್ನೂ ಮುಂದೆ ನೋಡೋ ಆಸಕ್ತಿ ಇದ್ರೆ, ಯಾವುದೇ ಬೆರಕೆ ಸುದ್ದಿ ಓದಿದಾಗ ಮೂರು ವಿಷಯ ಹುಡುಕಿ: ಮಾದರಿ ಪಟ್ಟಿಯೊಳಗಿಂದ ಮಾತ್ರ ತಂದಿದ್ದಾರಾ ಅಥವಾ ಎರಡೂ ಕಡೆ ದೂರದವರೆಗೆ ಹೋಗಿದ್ದಾರಾ, ಸಿಕ್ಕ ಬೆರಕೆಗಳು ಮೊದಲ ತಲೆಮಾರಿನವು ಮಾತ್ರವಾ ಅಥವಾ ಅವುಗಳ ಮಕ್ಕಳು ಮೊಮ್ಮಕ್ಕಳೂ ಇದ್ದಾವಾ, ಜೀನೋಮ್‌ನ ಎಲ್ಲಾ ಭಾಗ ಒಂದೇ ಪ್ರಮಾಣದಲ್ಲಿ ದಾಟಿದೆಯಾ ಅಥವಾ ಕೆಲವು ತುಂಡು ಮಾತ್ರವಾ. ಮೈಟೋಕಾಂಡ್ರಿಯಾ ಒಂದನ್ನೇ ನೋಡಿ ಎರಡೂ ಒಂದೇ ಪ್ರಭೇದ ಅಂತ ಬರೆದಿದ್ರೆ, ನಾನಾದ್ರೆ ನಂಬೋಕೆ ಮುಂಚೆ ಉಳಿದ ಡಿಎನ್‌ಎ ಏನು ಹೇಳುತ್ತೆ ಅಂತ ಕೇಳ್ತೀನಿ.